ಬೆನ್ನುನೋವಿನ ಬೆನ್ನು ಹತ್ತಿ

ಸೊರಬ ತಾಲ್ಲೂಕಿನ ನಮ್ಮ ಕ್ಯಾಸನೂರಿನ ಕಡೆ ಮೈಕೈ ನೋವು ಅಂದರೆ ಸಾಕು, ಎಲ್ಲರಿಗೂ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ವೈರಸ್ಸಿಗೆ ನಮ್ಮೂರಿನ ಹೆಸರೇ ಅಂಟಿಕೊಂಡಿದೆ. ಕೊನೆಕೊಯ್ಲಿನ ಹೊತ್ತಿಗೆ ನನಗೆ ಬೆನ್ನು ಹಿಡಿದಾಗಲೂ ಆಶಾ ಕಾರ್ಯಕರ್ತೆ ಮೊದಲು ಕೇಳಿದ್ದು, "ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿತ್ತಾ? ಜ್ವರ ಇದೆಯಾ?" ಜ್ವರ ಇಲ್ಲವೆಂದೆ. ಅವಳ ಆತಂಕ ಅಲ್ಲಿಗೆ ಮುಗಿಯಿತು, ನನ್ನದು ಮುಗಿಯಲಿಲ್ಲ.

ನೋವು ಇದ್ದದ್ದು ಪಕ್ಕೆಲುಬಿನ ಕೆಳಗೆ, ಎರಡೂ ಕಡೆ. ಜೊತೆಗೆ ಒಂದಕ್ಕೆ ಹೋಗುವ ಅವಸರ. ರಾತ್ರಿ ಕಣ್ಣು ಹತ್ತುವುದರೊಳಗೆ ಮತ್ತೆ ಏಳಬೇಕು; ಹೋದರೆ ನಾಲ್ಕು ಹನಿ. ಶುಗರ್ ಇಲ್ಲ. ಮೂತ್ರದಲ್ಲಿ ಸೋಂಕಿಲ್ಲ. ಎಕ್ಸ್‌ರೇ ನೋಡಿದವರು "ಎಲುಬು ಸವೆದಿದೆ, ವಯಸ್ಸಾಯ್ತಲ್ಲ" ಅಂದು ನೋವಿನ ಇಂಜೆಕ್ಷನ್ ಕೊಟ್ಟರು. ನಮ್ಮ ಭಾವನಿಗಂತೂ ಅದು ಕಲ್ಲೇ. ದಿನಾ ಬಾಳೆದಿಂಡಿನ ರಸ, ಮೇಲೆ ಚೊಂಬುಗಟ್ಟಲೆ ನೀರು. ಸ್ಕ್ಯಾನ್ ಮಾಡಿಸಿದೆ. ವೈದ್ಯರು ವರದಿಯನ್ನು ಹೀಗೆ ತಿರುವಿ ಹಾಗೆ ಮಡಚಿ, "ಕಲ್ಲಿಲ್ಲ, ಆರಾಮಾಗಿರಿ" ಅಂದರು.

ಆರಾಮಾಗಿರಲು ಶೀತ ಬಿಡಲಿಲ್ಲ. ಅಂಗಡಿಯವನು ಕೊಟ್ಟ ಶೀತದ ಮಾತ್ರೆ ನುಂಗಿ ಮಲಗಿದೆ. ನಡುರಾತ್ರಿ ಎದ್ದರೆ ಒಂದು ಹನಿಯೂ ಇಲ್ಲ. ಕಿಬ್ಬೊಟ್ಟೆ ಕಲ್ಲಿನಂತೆ ಗಟ್ಟಿ. ಪಂಚೆಯ ಗಂಟು ತಾಗಿದರೂ ಜೀವ ಹೋಗುತ್ತಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಶಿರಾಳಕೊಪ್ಪ, ಶಿಕಾರಿಪುರ ದಾಟಿ ಶಿವಮೊಗ್ಗಕ್ಕೆ ಹೊರಟೆವು. ಪ್ರತಿ ಗುಂಡಿಗೂ ಕೂಗಿಕೊಂಡೆ. ದಾರಿಬದಿ ಕಾರು ನಿಲ್ಲಿಸಿಕೊಂಡು, ಕತ್ತಲಲ್ಲಿ ಬೇಲಿ ಹಿಡಿದು ನಿಂತು ಮುಕ್ಕಿದೆ. ಬೆವರು ಬಂತು, ಕಣ್ಣೀರು ಬಂತು, ಅದೊಂದು ಮಾತ್ರ ಬರಲಿಲ್ಲ. ಭಾವ ಹಿಂದಿನ ಸೀಟಿನಿಂದ "ಇನ್ನೊಂದಿಷ್ಟು ನೀರು ಕುಡಿ" ಅನ್ನುತ್ತಲೇ ಇದ್ದ. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಸ್ಪತ್ರೆಯಲ್ಲಿ ನರ್ಸಮ್ಮ ಕ್ಯಾತಿಟರ್ ಹಾಕಿದರು. ಹಾಕುವಾಗಿನ ಉರಿ ಒಂದು ಕ್ಷಣ. ಆಮೇಲೆ ಚೀಲ ತುಂಬುತ್ತಲೇ ಹೋಯಿತು, ಒಂದು ಲೀಟರಿನ ಗೆರೆ ದಾಟಿತು. ಮೂತ್ರಕೋಶ ಹಿಡಿಯುವುದು ಸಾಮಾನ್ಯವಾಗಿ ಅರ್ಧ ಲೀಟರಿನ ಆಸುಪಾಸು. ಮೂತ್ರರೋಗ ತಜ್ಞರು ನನ್ನ ಹಳೆಯ ವರದಿ ಬಿಡಿಸಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು: ಪ್ರಾಸ್ಟೇಟ್ ದೊಡ್ಡದಾಗಿದೆ, ಮೂತ್ರ ಮಾಡಿದ ಮೇಲೂ ಒಳಗೆ ಬಹಳ ಉಳಿದಿದೆ. ಅಚ್ಚಾಗಿಯೇ ಇತ್ತು! ಹುಡುಕಿದವರು ಕಲ್ಲನ್ನಷ್ಟೇ ಹುಡುಕಿದ್ದರು.

ಅವರು ಹೇಳಿದ್ದು ನಮ್ಮ ಸೊರಬದ ರೈತರಿಗೆ ಚೆನ್ನಾಗಿ ಅರ್ಥವಾಗುತ್ತದೆ. ತೂಬು ಕಟ್ಟಿಕೊಂಡ ಕೆರೆ ಕೋಡಿ ಹರಿದಂತೆ, ತುಂಬಿದ ಮೂತ್ರಕೋಶ ಆಗಾಗ ಅಷ್ಟಷ್ಟು ಚೆಲ್ಲುತ್ತದೆ, ಎಂದೂ ಖಾಲಿಯಾಗುವುದಿಲ್ಲ. ಒತ್ತಡ ಹಿಂದಕ್ಕೆ ಹೊಡೆದು ಮೂತ್ರಪಿಂಡಗಳು ಊದಿಕೊಂಡಿದ್ದವು, ಬೆನ್ನುನೋವು ಅದರದ್ದು. ಮೂತ್ರಪಿಂಡ ಸೋತಿದೆಯೆಂದು ಹೇಳುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿತ್ತು. ನೋವಿನ ಇಂಜೆಕ್ಷನ್ನುಗಳು ಮೂತ್ರಪಿಂಡಗಳಿಗೆ ಇನ್ನಷ್ಟು ಪೆಟ್ಟು ಕೊಟ್ಟಿರಬಹುದು ಅಂದರು. ಕೆಲವು ಶೀತದ ಮಾತ್ರೆಗಳಿಗೆ ಮೂತ್ರ ಕಟ್ಟಿಸುವ ಗುಣವಿದೆಯಂತೆ. ಕ್ರಿಯಾಟಿನಿನ್ ಇಳಿದ ಮೇಲೆ ದುರ್ಬೀನಿನ ಶಸ್ತ್ರಚಿಕಿತ್ಸೆ ಆಯಿತು. ಈಗ ರಾತ್ರಿ ನಿದ್ದೆ ಇದೆ.

ಹೇಳುವುದು ಇಷ್ಟೇ. ಐವತ್ತು ದಾಟಿದ ಗಂಡಸರಲ್ಲಿ ಪ್ರಾಸ್ಟೇಟ್ ಬೆಳೆಯುವುದು ಸಾಮಾನ್ಯ, ನಾಚಿಕೆ ಬೇಡ. ಧಾರೆ ಸಣ್ಣಗಾದರೆ, ಮುಗಿಯಿತು ಅನ್ನಿಸದಿದ್ದರೆ ಮೂತ್ರ ಮಾಡುವ ಮೊದಲೂ ಆಮೇಲೂ ಸ್ಕ್ಯಾನ್ ಮಾಡಿಸಿ, ಜೊತೆಗೆ ಕ್ರಿಯಾಟಿನಿನ್ ನೋಡಿಸಿ. ಬೆನ್ನುನೋವಿನ ಜೊತೆ ಕಾಲಲ್ಲಿ ಶಕ್ತಿ ಕುಂದಿ, ತೊಡೆಸಂದು ಮರಗಟ್ಟಿ, ಮೂತ್ರ ಕಟ್ಟಿದರೆ ಅದು ಬೆನ್ನುಹುರಿಯ ನರಗಳ ತೊಂದರೆ ಇರಬಹುದು. ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ. ಮತ್ತು ವರದಿಯ ಕೊನೆಯ ಸಾಲಿನವರೆಗೂ ಓದಿಸಿಕೊಳ್ಳದೆ ವೈದ್ಯರ ಮುಂದಿನಿಂದ ಏಳಬೇಡಿ.