ನಾಲ್ಕು ಮಕ್ಕಳಿದ್ದರೆ ಸಾಕಮ್ಮ

ಸಂಜೆ ಹೊತ್ತು ಮನೆಯಲ್ಲೇ ಟ್ಯೂಷನ್ ಶುರು ಮಾಡುತ್ತೇನೆ ಅಂದೆಯಲ್ಲ, ಸಂತೋಷ. ನಮ್ಮ ಜಿಗಣಿಯಲ್ಲಿ ಮಕ್ಕಳಿಗೇನೂ ಬರವಿಲ್ಲ. ಗ್ರಾನೈಟು, ಗಾರ್ಮೆಂಟ್ಸು ಅಂತ ಅಪ್ಪ ಅಮ್ಮ ಇಬ್ಬರೂ ಶಿಫ್ಟಿಗೆ ಹೋಗುವ ಮನೆಗಳು ಎಷ್ಟಿವೆ! ಮಗು ಒಂದು ಕಡೆ ಕೂತಿದ್ದರೆ ಸಾಕು ಅಂತ ತಂದು ಬಿಡುತ್ತಾರೆ. ಆಸೆಗೆ ಬಿದ್ದು ಇಪ್ಪತ್ತು ಮಂದಿಯನ್ನು ಸೇರಿಸಿಕೊಳ್ಳಬೇಡ. ಓದಲು ತಡವರಿಸುವ ಮಕ್ಕಳಾದರೆ ಒಂದು ಸಲಕ್ಕೆ ನಾಲ್ಕು, ಹೆಚ್ಚೆಂದರೆ ಐದು. ಗುಂಪು ದೊಡ್ಡದಾದರೆ ಬಾರದವನು ಬಾಯಾಡಿಸುತ್ತಾ ಕೂರುತ್ತಾನೆ, ನಿನಗೆ ಗೊತ್ತೇ ಆಗುವುದಿಲ್ಲ.

ಇನ್ನೊಂದು ಮಾತು. ಕ್ಲಾಸು ನೋಡಿ ಗುಂಪು ಮಾಡಬೇಡ. ಐದನೇ ಕ್ಲಾಸಿನವನೂ ಎರಡನೇ ಕ್ಲಾಸಿನವಳೂ ಒಂದೇ ಕಡೆ ತೊಡರಿದ್ದರೆ ಜೊತೆಗೇ ಕೂರಿಸು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಾಡಿದ್ದೂ ಇದನ್ನೇ: ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಮುಂದಕ್ಕೆ. ಬಿ.ಎಡ್. ಆಗಿಲ್ಲ ಅಂತ ಅಳುಕಬೇಡ. ಮುಂಬಯಿ, ವಡೋದರಾಗಳ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ನೇಮಿಸಿದ ‘ಬಾಲಸಖಿ’ಯರು ನಿನ್ನಂಥ ಹುಡುಗಿಯರೇ. ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಕಲಿಸುತ್ತಿದ್ದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅದನ್ನು ಅಳೆದು ನೋಡಿ, ಮಕ್ಕಳ ಕಲಿಕೆ ಸುಧಾರಿಸಿದ್ದನ್ನು ತೋರಿಸಿದರು. 2019ರಲ್ಲಿ ನೊಬೆಲ್ ಬಂತಲ್ಲ, ಅವರೇ.

ಮೊದಲ ದಿನ ಪಾಠ ಬೇಡ, ತೊಡಕು ಎಲ್ಲಿದೆ ಅಂತ ಹುಡುಕು. ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ, ಈ ನಾಲ್ಕನ್ನೂ ಒಂದೊಂದಾಗಿ ಓದಿಸು. ಪಠ್ಯಪುಸ್ತಕ ಕೊಟ್ಟರೆ ಮೋಸ ಹೋಗುತ್ತೀಯ, ಎಷ್ಟೋ ಮಕ್ಕಳಿಗೆ ಪಾಠ ಬಾಯಿಪಾಠ! ಮಧ್ಯದ ಒಂದು ಪದದ ಮೇಲೆ ಬೆರಳಿಟ್ಟು ಕೇಳು, ನಿಜ ಹೊರಬೀಳುತ್ತೆ. ಕ ಕಾ ಕಿ ಕೀ ಅಂತ ರಾಗವಾಗಿ ಒಪ್ಪಿಸುವವನಿಗೆ ‘ಕೆ’ ಒಂದನ್ನೇ ಬರೆದು ತೋರಿಸಿದರೆ ಮತ್ತೆ ‘ಕ’ದಿಂದ ಎಣಿಸಿಕೊಂಡು ಬರುತ್ತಾನೆ. ಒತ್ತಕ್ಷರದಲ್ಲೂ ಅಷ್ಟೆ. ಅಕ್ಕ, ಅಮ್ಮ ಸಲೀಸು. ‘ಸೂರ್ಯ’ ಬಂದರೆ ‘ಸೂಯ’ ಅಂತ ನಿಲ್ಲುತ್ತಾನೆ. ಪಾಪ, ಅವನದೇನು ತಪ್ಪು? ಬಾಯಿ ಮೊದಲು ಹೇಳಬೇಕಾದ ‘ರ್’ ಕಣ್ಣಿಗೆ ಕೊನೆಯಲ್ಲಿ ಕಾಣುತ್ತೆ. ಅಲ್ಲಿ ಗದರಬೇಡ. ವರ್ಷ, ಹರ್ಷ, ಕಾರ್ಯ, ಮಾರ್ಗ ಅಂತ ಅರ್ಕಾವೊತ್ತಿನ ಪದಗಳನ್ನೇ ಒಂದು ವಾರ ಆಡಿಸು.

ಒಡಿಯಾ, ಹಿಂದಿ ಮನೆಮಾತಿನ ಮಕ್ಕಳೂ ಬರುತ್ತಾರೆ. ‘ಗುಬ್ಬಿ’ ಅಂತ ತಪ್ಪಿಲ್ಲದೆ ಓದಿ, ಹಾಗಂದರೇನು ಅಂದರೆ ನಿನ್ನ ಮುಖ ನೋಡುತ್ತಾರೆ. ಅವರ ಜೊತೆ ಮೊದಲು ಕನ್ನಡದಲ್ಲಿ ಮಾತಾಡು, ಆಡು, ಅಕ್ಷರ ಆಮೇಲೆ. ಓದಿಸಲು ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಹಂತ ಹಂತದ ಕನ್ನಡ ಕಥೆಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ವಾರಗಟ್ಟಲೆ ಕೂರಿಸಿದರೂ ಅಕ್ಷರ ಹಿಡಿಯದ ಮಗುವಿದ್ದರೆ ಕಣ್ಣು, ಕಿವಿ ತೋರಿಸಲು ಹೇಳು.

ಹೋಂವರ್ಕ್ ಮುಗಿಸಿ ಕಳಿಸು ಅಂತ ತಾಯಂದಿರು ಪಟ್ಟು ಹಿಡಿಯುತ್ತಾರೆ. ನೋಡಿ ಬರೆದರೆ ಪುಟ ತುಂಬುತ್ತೆ, ಓದು ಬರುವುದಿಲ್ಲ ಅಂತ ಮೊದಲೇ ಹೇಳಿಬಿಡು. ಒಪ್ಪದವರು ಬೇರೆ ಕಡೆ ಕಳಿಸಲಿ. ತಿಂಗಳಿಗೊಮ್ಮೆ ಶಾಲೆಗೆ ಹೋಗಿ ಆ ಮಗುವಿನ ಟೀಚರ್ ಜೊತೆ ಮಾತಾಡು. ಅವರನ್ನು ಬಿಟ್ಟು ನೀನೊಬ್ಬಳೇ ಮಾಡುವ ಕೆಲಸವಲ್ಲ ಇದು.