ಕಟ್ಟಡ ಕಾರ್ಮಿಕರ ಸುರಕ್ಷತಾ ಸಾಧನಗಳು : ಆಯ್ಕೆಯ ಕ್ರಮ ಮತ್ತು ಲೆಕ್ಕಾಚಾರ

ಷೆಡ್ಡಿನ ಮೇಲ್ಛಾವಣಿಯ ದುರಸ್ತಿ, ಗೋದಾಮಿನ ವಿಸ್ತರಣೆ, ಹೊಸ ಗೋಡೆಯ ನಿರ್ಮಾಣ ಮುಂತಾದ ಕಾಮಗಾರಿಗಳು ಸಣ್ಣ ಉದ್ದಿಮೆಗಳಲ್ಲಿ ಆಗಾಗ್ಗೆ ನಡೆಯುತ್ತಿರುತ್ತವೆ. ಮೇಸ್ತ್ರಿಯೊಬ್ಬನನ್ನು ಗೊತ್ತುಮಾಡಿ, ಹತ್ತು ಹೆಲ್ಮೆಟ್, ನಾಲ್ಕು ಬೆಲ್ಟ್ ತರಿಸಿಕೊಟ್ಟರೆ ಸುರಕ್ಷತೆಯ ಏರ್ಪಾಡು ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ಮೂರು ಕೊಟೇಶನ್ ತರಿಸಿ ಕನಿಷ್ಠ ದರವನ್ನು ಒಪ್ಪುವ ಪದ್ಧತಿಯನ್ನೇ ಇಲ್ಲಿಯೂ ಅನುಸರಿಸಲಾಗುತ್ತದೆ. ಆದರೆ ಕೆಲಸದ ಅಪಾಯವನ್ನು ಅಳೆಯದೆ ಕೊಂಡ ಸಾಧನವು ಬಿಲ್ಲಿನಲ್ಲಿ ಉಳಿಯುತ್ತದೆಯೇ ಹೊರತು ಆಪತ್ಕಾಲಕ್ಕೆ ಒದಗುವುದಿಲ್ಲ.

1. ಮೊದಲು ಅಪಾಯ, ನಂತರ ಸಾಧನ

ಸುರಕ್ಷತಾ ಶಾಸ್ತ್ರದಲ್ಲಿ ವೈಯಕ್ತಿಕ ಸಾಧನಗಳಿಗೆ ಕೊನೆಯ ಸ್ಥಾನ. ಅಪಾಯವನ್ನೇ ನಿವಾರಿಸುವುದು ಮೊದಲನೆಯದು. ಸಾಧ್ಯವಾಗದಿದ್ದಲ್ಲಿ ಕಾರ್ಮಿಕನಿಗೂ ಅಪಾಯಕ್ಕೂ ನಡುವೆ ತಡೆಯನ್ನು ಏರ್ಪಡಿಸುವುದು ಎರಡನೆಯದು. ಉಳಿದ ಅಪಾಯಕ್ಕೆ ಮಾತ್ರ ಹೆಲ್ಮೆಟ್, ಹಾರ್ನೆಸ್‌ಗಳು.

ಉದಾಹರಣೆಗೆ, ಹಳೆಯ ಸಿಮೆಂಟ್ ಶೀಟುಗಳನ್ನು ಬದಲಿಸುವ ಕೆಲಸವನ್ನು ತೆಗೆದುಕೊಳ್ಳಬಹುದು. ಬಿಸಿಲು ಮಳೆಗೆ ಜೀರ್ಣವಾದ ಶೀಟು ಮೇಲೆ ನೋಡಲು ಗಟ್ಟಿಯಾಗಿ ಕಂಡರೂ ಮನುಷ್ಯನ ಭಾರಕ್ಕೆ ಒಮ್ಮೆಲೇ ಮುರಿಯಬಲ್ಲದು. ಇಲ್ಲಿ ಮೊದಲು ಯೋಚಿಸಬೇಕಾದುದು ಕೆಳಗಿನಿಂದ ಸಾರುವೆ ಕಟ್ಟಿ ಕೆಲಸ ಮಾಡಲಾದೀತೇ ಎಂಬುದನ್ನು. ಮೇಲೆ ಹತ್ತಲೇಬೇಕಾದರೆ ಭಾರವನ್ನು ಹಂಚುವ ಹಲಗೆಗಳನ್ನು ಆಧಾರದ ತೊಲೆಗಳ ಮೇಲೆ ಬರುವಂತೆ ಹಾಸಿ, ಕೆಳಗೆ ಬಲೆ ಕಟ್ಟುವುದು ಅವಶ್ಯಕ.

2. ಹಾರ್ನೆಸ್ : ಎತ್ತರದ ಗಣಿತ

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬೀಳುವವನನ್ನು ತಡೆದರೂ ಆ ಜಗ್ಗಿನ ಹೊಡೆತ ಹೊಟ್ಟೆ ಹಾಗೂ ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಆದುದರಿಂದ ಭುಜ, ಎದೆ, ತೊಡೆಗಳಿಗೆ ಹೊಡೆತವನ್ನು ಹಂಚುವ ಪೂರ್ಣ ದೇಹದ ಹಾರ್ನೆಸ್ಸನ್ನೇ ಆರಿಸತಕ್ಕದ್ದು. ಇದಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 3521.

ಇಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಕಟ್ಟುಹಗ್ಗದ ಉದ್ದ 2 ಮೀಟರ್. ಹೊಡೆತವನ್ನು ತಗ್ಗಿಸುವ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಂಡಾಗ ಗರಿಷ್ಠ ಸುಮಾರು 1.75 ಮೀಟರ್, ಬೆನ್ನಿನ ಕೊಂಡಿಯಿಂದ ಪಾದದವರೆಗೆ ಸುಮಾರು 1.5 ಮೀಟರ್, ನೆಲಕ್ಕೂ ಪಾದಕ್ಕೂ ನಡುವೆ ಬಿಡಬೇಕಾದ ಅಂತರ 1 ಮೀಟರ್. ಒಟ್ಟು 6.25 ಮೀಟರ್. ಹಗ್ಗವನ್ನು ಕಟ್ಟಿದ ಜಾಗದಿಂದ ಕೆಳಗೆ ಇಷ್ಟು ತೆರವು ಇರಬೇಕು. ನಾಲ್ಕು ಮೀಟರ್ ಎತ್ತರದ ಷೆಡ್ಡಿನಲ್ಲಿ ಪಾದದ ಮಟ್ಟಕ್ಕೆ ಈ ಹಗ್ಗವನ್ನು ಕಟ್ಟಿಕೊಂಡವನು ಹಾರ್ನೆಸ್ ಧರಿಸಿಯೂ ನೆಲವನ್ನು ತಲುಪುತ್ತಾನೆ. ಅಂತಹ ಕಡೆ ಅಂಚನ್ನೇ ತಲುಪದಂತೆ ಹಿಡಿದಿಡುವ ಚಿಕ್ಕ ಹಗ್ಗ ಅಥವಾ ಸಾರುವೆಯೇ ಸೂಕ್ತ. ಹಗ್ಗವನ್ನು ತಲೆಯ ಮಟ್ಟಕ್ಕಿಂತ ಮೇಲೆ, ಭಾರ ತಡೆಯಬಲ್ಲ ಉಕ್ಕಿನ ರಚನೆಗೆ ಕಟ್ಟುವುದು ಒಳ್ಳೆಯದು. ನೀರಿನ ಕೊಳವೆಗಾಗಲಿ ಶೀಟಿನ ಕೊಕ್ಕೆಗಾಗಲಿ ಕಟ್ಟಬಾರದು. ಒಮ್ಮೆ ಬಿದ್ದವನ ಭಾರ ತಡೆದ ಹಾರ್ನೆಸ್ಸನ್ನು ಮತ್ತೆ ಬಳಕೆಗೆ ಕೊಡಬಾರದು.

3. ಹೆಲ್ಮೆಟ್

ಕೈಗಾರಿಕಾ ಹೆಲ್ಮೆಟ್‌ಗೆ ಐ.ಎಸ್. 2925 ಅನ್ವಯಿಸುತ್ತದೆ, ದ್ವಿಚಕ್ರ ವಾಹನದ ಹೆಲ್ಮೆಟ್‌ಗೆ ಐ.ಎಸ್. 4151. ಒಂದರ ಬದಲು ಮತ್ತೊಂದು ಸಲ್ಲದು. ತಲೆಗೂ ಚಿಪ್ಪಿಗೂ ನಡುವೆ ಅಂತರ ಕಾಯುವ ಒಳಪಟ್ಟಿಗಳೇ ಹೊಡೆತವನ್ನು ಹೀರುವುದರಿಂದ, ಪಟ್ಟಿ ಕಿತ್ತುಹೋದ ಹೆಲ್ಮೆಟ್ ಬರಿಯ ಟೋಪಿಯೇ ಸರಿ. ಎತ್ತರದ ಕೆಲಸಕ್ಕೆ ಗದ್ದದ ಪಟ್ಟಿ ಕಡ್ಡಾಯವಾಗಿರಬೇಕು. ಪ್ಲಾಸ್ಟಿಕ್ ಬಿಸಿಲಿಗೆ ಶಿಥಿಲವಾಗುವುದರಿಂದ ಚಿಪ್ಪಿನ ಒಳಗೆ ಅಚ್ಚಾಗಿರುವ ತಯಾರಿಕೆಯ ದಿನಾಂಕವನ್ನು ಖರೀದಿಯ ಸಮಯದಲ್ಲೇ ನೋಡತಕ್ಕದ್ದು. ಐ.ಎಸ್.ಐ. ಗುರುತಿನೊಡನೆ ಇರುವ ಸಿ.ಎಂ./ಎಲ್. ಪರವಾನಗಿ ಸಂಖ್ಯೆಯನ್ನು ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಮಾರಾಟ ಮಾಡುವ ವರ್ತಕರಿಗೂ ಇದು ಅನುಕೂಲಕರ.

4. ಪಾದರಕ್ಷೆ, ಕೈಗವಸು, ಮುಖಗವಸು

ಐ.ಎಸ್. 15298ರ ಎರಡನೆಯ ಭಾಗದ ಸುರಕ್ಷತಾ ಬೂಟಿನ ಮುಂಗವಚವು 200 ಜೌಲ್ ಹೊಡೆತವನ್ನು ತಡೆಯಬೇಕು. ಇದು ಸುಮಾರು 20 ಕಿಲೋ ಭಾರದ ವಸ್ತು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಮೂರನೆಯ ಭಾಗದಲ್ಲಿ ಇದು 100 ಜೌಲ್ ಮಾತ್ರ. ನಾಲ್ಕನೆಯ ಭಾಗದ ಬೂಟಿಗೆ ಮುಂಗವಚದ ನಿಯಮವೇ ಇಲ್ಲ. ಸೆಂಟ್ರಿಂಗ್ ಹಲಗೆಯ ಮೊಳೆಗಳಿರುವಲ್ಲಿ ಅಟ್ಟೆಯನ್ನು ಮೊಳೆ ಚುಚ್ಚದಂತೆ ತಡೆಯುವ ಗುಣವನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು.

ಹಸಿ ಸಿಮೆಂಟ್ ತೀವ್ರ ಕ್ಷಾರ. ಬಟ್ಟೆಯ ಕೈಗವಸು ಅದರ ನೀರನ್ನು ಹೀರಿ ಚರ್ಮಕ್ಕೆ ಅಂಟಿಸಿಡುತ್ತದೆ. ಕಾಂಕ್ರೀಟ್ ಹಾಕುವವರಿಗೆ ರಬ್ಬರ್ ಅಥವಾ ನೈಟ್ರೈಲ್ ಕೈಗವಸು ಹಾಗೂ ಗಂಬೂಟು, ಕಬ್ಬಿಣ ಕಟ್ಟುವವರಿಗೆ ಚರ್ಮದ ಕೈಗವಸು ಯೋಗ್ಯ. ಕಲ್ಲು, ಟೈಲ್ಸ್ ಕತ್ತರಿಸುವಾಗ ಏಳುವ ಸಿಲಿಕಾ ಧೂಳು ವಾಸಿಯಾಗದ ಸಿಲಿಕೋಸಿಸ್ ರೋಗಕ್ಕೆ ಕಾರಣ. ನೀರು ಹರಿಸಿ ಕತ್ತರಿಸುವುದು ಮೊದಲ ಉಪಾಯ; ಅದರ ಜೊತೆಗೆ ಐ.ಎಸ್. 9473ರ ಎಫ್.ಎಫ್.ಪಿ. 2 ಅಥವಾ 3ನೇ ದರ್ಜೆಯ ಮುಖಗವಸು ಬೇಕು. ಬಾಯಿಗೆ ಕಟ್ಟಿದ ಟವೆಲ್ ಸಾಲದು.

5. ಅಳತೆ

ಸಡಿಲವಾದ ಬೂಟು, ಜಾರುವ ಹೆಲ್ಮೆಟ್‌ಗಳನ್ನು ಕಾರ್ಮಿಕರು ಮಧ್ಯಾಹ್ನದೊಳಗೆ ತೆಗೆದಿಡುತ್ತಾರೆ. ಇದನ್ನು ಅಶಿಸ್ತೆಂದು ದೂರುವ ಮೊದಲು ಒಂದೇ ಅಳತೆಯಲ್ಲಿ ಸಗಟಾಗಿ ಕೊಂಡಿದ್ದನ್ನು ನೆನೆಯಬೇಕು. ಕಟ್ಟಡದ ಕೆಲಸದಲ್ಲಿ ಮಹಿಳೆಯರ ಸಂಖ್ಯೆ ಗಣನೀಯವಾಗಿದ್ದು, ಅವರ ಅಳತೆಯ ಬೂಟು, ಕೈಗವಸುಗಳನ್ನು ಆರ್ಡರಿನಲ್ಲೇ ನಮೂದಿಸಬೇಕು.

6. ಲೆಕ್ಕದ ದೃಷ್ಟಿ

ಒಂದು ಜೊತೆ ಬೂಟಿಗೆ 450 ರೂಪಾಯಿ ಕೊಟ್ಟು ಅದು 75 ಕೆಲಸದ ದಿನ ಬಾಳಿದರೆ ದಿನದ ವೆಚ್ಚ 6 ರೂಪಾಯಿ. 900 ರೂಪಾಯಿಯ ಬೂಟು 300 ದಿನ ಬಾಳಿದರೆ 3 ರೂಪಾಯಿ. ಕೊಟೇಶನ್‌ಗಳನ್ನು ಹೋಲಿಸುವಾಗ ಹೀಗೆ ದಿನದ ವೆಚ್ಚವನ್ನು ಹೋಲಿಸುವುದು ಸರಿಯಾದ ಕ್ರಮ.

ಇನ್ನೊಂದು ಪಕ್ಕದ ಲೆಕ್ಕವನ್ನೂ ನೋಡಬೇಕು. 1923ರ ಪರಿಹಾರ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದೆ. ಕೆಲಸದಲ್ಲಿ ಮರಣ ಸಂಭವಿಸಿದರೆ ಮಾಸಿಕ ವೇತನದ ಅರ್ಧವನ್ನು ವಯಸ್ಸಿಗೆ ನಿಗದಿಯಾದ ಗುಣಕದಿಂದ ಗುಣಿಸುವ ಸೂತ್ರ ಎರಡರಲ್ಲೂ ಇದೆ. 30 ವರ್ಷದ ಕಾರ್ಮಿಕನಿಗೆ ಗುಣಕ 207.98. ವೇತನ 15,000 ರೂಪಾಯಿ ಎಂದಿಟ್ಟುಕೊಂಡರೆ ಪರಿಹಾರ 15,59,850 ರೂಪಾಯಿ. “ಹೆಲ್ಮೆಟ್ ಕೊಟ್ಟಿದ್ದೆವು, ಅವನೇ ಧರಿಸಲಿಲ್ಲ” ಎಂಬ ವಾದವು ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣದಲ್ಲಿ ಈ ಹೊಣೆಯನ್ನು ತಪ್ಪಿಸುವುದಿಲ್ಲ. ಅದೇ ದಿನ ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯ ಪ್ರಕಾರ ಸುರಕ್ಷತೆಗಾಗಿ ಒದಗಿಸಿದ ಯಾವುದಕ್ಕೂ ನೌಕರನಿಂದ ಹಣ ವಸೂಲು ಮಾಡುವಂತಿಲ್ಲ.

7. ಕೆಲಸ ಆರಂಭಿಸುವ ಮುನ್ನ

(ಅ) ಪ್ರತಿಯೊಂದು ಕೆಲಸದ ಎದುರಿಗೆ ಅದರ ಅಪಾಯ ಮತ್ತು ಬೇಕಾದ ಸಾಧನವನ್ನು ಬರೆದ ಪಟ್ಟಿ ತಯಾರಿಸುವುದು.
(ಆ) ಖರೀದಿ ಆದೇಶದಲ್ಲಿ ಮಾನಕದ ಸಂಖ್ಯೆ, ದರ್ಜೆ ಮತ್ತು ಅಳತೆಯನ್ನು ನಮೂದಿಸುವುದು.
(ಇ) ಸಾಧನ ವಿತರಣೆಯ ದಿನಾಂಕ, ಸಹಿ, ಬದಲಾವಣೆಯ ದಿನಾಂಕಗಳ ರಿಜಿಸ್ಟರ್ ಇಡುವುದು.
(ಈ) ಸಾಧನ ಒದಗಿಸುವವರು ಯಾರೆಂಬುದನ್ನು ಗುತ್ತಿಗೆ ಕರಾರಿನಲ್ಲಿ ಬರೆದು, ಗುತ್ತಿಗೆದಾರನ ಕಾರ್ಮಿಕ ಪರಿಹಾರ ವಿಮೆಯ ಪ್ರತಿಯನ್ನು ಮುಂಗಡ ಕೊಡುವ ಮೊದಲೇ ಪಡೆಯುವುದು.
(ಉ) ಹಾರ್ನೆಸ್‌ನಲ್ಲಿ ನೇತಾಡುವವನನ್ನು ಕೂಡಲೇ ಇಳಿಸುವವರು ಯಾರು, ಹೇಗೆ ಎಂಬುದನ್ನು ಮೊದಲೇ ಗೊತ್ತುಪಡಿಸುವುದು.

ರಿಜಿಸ್ಟರ್, ವಿಮೆ, ಕರಾರುಗಳು ಉದ್ದಿಮೆಯನ್ನು ಕಾಯುತ್ತವೆ. ಕಾರ್ಮಿಕನನ್ನು ಕಾಯುವುದು ಅವನ ಕೆಲಸಕ್ಕೆ, ಅವನ ಅಳತೆಗೆ ಒಪ್ಪುವ ಸಾಧನ. ಪರಿಹಾರದ ಮೊತ್ತವನ್ನು ಸೂತ್ರದಿಂದ ಕಂಡುಹಿಡಿಯಬಹುದಾದರೂ ದುಡಿಯುವವನನ್ನು ಕಳೆದುಕೊಂಡ ಮನೆಯ ನಷ್ಟ ಯಾವ ಜಮಾ ಖರ್ಚಿನಲ್ಲಿಯೂ ಸರಿಹೊಂದುವುದಿಲ್ಲ.