ಮಗುವಿಗೆ ಆಟಿಸಂ: ಶಾಲೆಯ ನೆರವು ಪಡೆಯುವುದು ಹೇಗೆ?

ಮಗುವಿಗೆ ಆಟಿಸಂ ಇದೆ ಎಂದು ವೈದ್ಯರು ತಿಳಿಸಿದಾಗ ತಂದೆತಾಯಿಗೆ ಆಘಾತವಾಗುವುದು ಸಹಜ. ಅದರಿಂದ ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪ್ರಶ್ನೆ ಅವರನ್ನು ಕಾಡತೊಡಗುತ್ತದೆ. ‘ಶಾಲೆಗೆ ಹೇಳಬೇಕೆ, ಬೇಡವೆ? ಹೇಳಿದರೆ ಮಗುವನ್ನು ಶಾಲೆಯಿಂದ ತೆಗೆದುಬಿಟ್ಟರೆ ಗತಿಯೇನು?’ ಈ ಭಯದಿಂದ ಎಷ್ಟೋ ಮನೆಗಳಲ್ಲಿ ವೈದ್ಯರ ವರದಿ ಬೀರು ಸೇರಿಬಿಡುತ್ತದೆ. ಇತ್ತ ತರಗತಿಯಲ್ಲಿ ಮಗು ‘ಹಠಮಾರಿ’, ‘ತುಂಟ’, ‘ದಡ್ಡ’ ಎಂಬ ಹೆಸರು ಹೊತ್ತು ಬೈಗುಳ ತಿನ್ನುತ್ತದೆ. ಬೀರುವಿನಲ್ಲಿರುವ ವರದಿಯಿಂದ ಮಗುವಿಗೆ ಯಾವ ಪ್ರಯೋಜನವೂ ಇಲ್ಲ. ಅದರಲ್ಲಿರುವ ವಿಷಯವನ್ನು ಶಿಕ್ಷಕರಿಗೆ ಅರ್ಥವಾಗುವ ಮಾತಿನಲ್ಲಿ ಬರೆದು ಶಾಲೆಗೆ ತಲುಪಿಸಬೇಕು.

ಆಟಿಸಂ ಎಂದರೇನು?

ಆಟಿಸಂ ಅಥವಾ ಸ್ವಲೀನತೆ ಅಂಟುರೋಗವಲ್ಲ, ಹುಚ್ಚೂ ಅಲ್ಲ. ಅದು ಮಿದುಳಿನ ಬೆಳವಣಿಗೆಯಲ್ಲಿ ಕಂಡುಬರುವ ಭಿನ್ನತೆ. ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಗಮನಿಸಿ ಇದರ ವಿವರಗಳನ್ನು ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಹಾಗಾಗಿ ನಿಮ್ಮ ಮಗು ಒಂಟಿಯಲ್ಲ.

ಇಂಥ ಮಕ್ಕಳಿಗೆ ಬೇರೆಯವರೊಂದಿಗೆ ಬೆರೆಯುವುದು, ಮಾತಿನ ಹಿಂದಿನ ಭಾವ ತಿಳಿಯುವುದು ಕಷ್ಟ. ಕೆಲವರಿಗೆ ಮಾತು ತಡವಾಗಿ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಇನ್ನು ಕೆಲವರು ಅರಳು ಹುರಿದಂತೆ ಮಾತನಾಡಿದರೂ ಎದುರಿನವರ ಮಾತಿಗೆ ಸರಿಯಾಗಿ ಉತ್ತರಿಸಲಾರರು. ಒಂದೇ ಆಟ, ಒಂದೇ ದಾರಿ, ಒಂದೇ ಕ್ರಮ ಬೇಕೆನ್ನುತ್ತಾರೆ. ಸದ್ದು, ಬೆಳಕು, ಸ್ಪರ್ಶ ಕೆಲವರಿಗೆ ಸಹಿಸಲಾಗದಷ್ಟು ತೀವ್ರವಾಗಿ ತಾಗುತ್ತವೆ. ತಾಯಿ ಕೆಲಸಕ್ಕೆ ಹೋದದ್ದರಿಂದಾಗಲಿ, ಲಸಿಕೆ ಹಾಕಿಸಿದ್ದರಿಂದಾಗಲಿ, ದೃಷ್ಟಿ ತಾಗಿದ್ದರಿಂದಾಗಲಿ ಆಟಿಸಂ ಬರುವುದಿಲ್ಲ.

ಶಾಲೆಗೆ ಏಕೆ ತಿಳಿಸಬೇಕು?

ಶಾಲೆಯ ಗಂಟೆ ಬಾರಿಸಿದೊಡನೆ ಒಬ್ಬ ಹುಡುಗ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಾನೆ ಎನ್ನೋಣ. ವಿಷಯ ತಿಳಿಯದ ಶಿಕ್ಷಕಿಗೆ ಅದು ಅವಿಧೇಯತೆಯಾಗಿ ಕಾಣುತ್ತದೆ. ಅವರು ಗದರಿಸುತ್ತಾರೆ. ಗದರಿಕೆಯ ಸದ್ದಿಗೆ ಅವನು ಇನ್ನೂ ಹೆದರಿ ಚೀರುತ್ತಾನೆ. ಎರಡು ತಿಂಗಳಲ್ಲಿ ‘ನಿಮ್ಮ ಮಗನನ್ನು ಬೇರೆ ಶಾಲೆಗೆ ಸೇರಿಸಿ’ ಎಂಬ ಮಾತು ಬರುತ್ತದೆ. ಗಂಟೆಯ ಸದ್ದು ಅವನಿಗೆ ನೋವು ಕೊಡುತ್ತದೆಂದು ತಿಳಿದಿದ್ದರೆ ಅದೇ ಶಿಕ್ಷಕಿ ಗಂಟೆಗೆ ಮುಂಚೆ ಅವನಿಗೆ ಸೂಚನೆ ಕೊಡಬಹುದಿತ್ತು. ಹೇಳದೆ ಮುಚ್ಚಿಟ್ಟರೂ ಮಗುವಿನ ತೊಂದರೆ ಕಾಣದೆ ಇರುವುದಿಲ್ಲ. ಅದರ ಕಾರಣ ಮಾತ್ರ ತಿಳಿಯುವುದಿಲ್ಲ.

ಕಾನೂನಿನ ಬೆಂಬಲ

ಶಾಲೆಯ ನೆರವು ದಯೆಯಿಂದ ಸಿಗುವ ಭಿಕ್ಷೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸಹ ಸೇರಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದ ತೋರದೆ ಈ ಮಕ್ಕಳನ್ನು ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಎಂದು ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ವೈಕಲ್ಯ ಶೇಕಡ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣೀಕರಿಸಿದ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕನ್ನು 31ನೇ ಸೆಕ್ಷನ್ ಕೊಡುತ್ತದೆ. ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ.

ವೈಕಲ್ಯದ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿ. ಪರೀಕ್ಷೆಯ ರಿಯಾಯಿತಿ ಮುಂತಾದ ಸೌಲಭ್ಯಗಳಿಗೆ ಅದು ಬೇಕಾಗುತ್ತದೆ. ಆದರೆ ಕಾರ್ಡು ಕೈಗೆ ಬರುವವರೆಗೆ ಶಾಲೆಯೊಂದಿಗೆ ಮಾತನಾಡದೆ ಕಾಯುವುದು ಬೇಡ.

ಒಂದು ಪುಟದ ಪತ್ರ

ತಜ್ಞರ ಹತ್ತು ಪುಟದ ಇಂಗ್ಲಿಷ್ ವರದಿಯನ್ನು ಓದಲು ನಲವತ್ತು ಮಕ್ಕಳ ತರಗತಿ ನಡೆಸುವ ಶಿಕ್ಷಕರಿಗೆ ಬಿಡುವೆಲ್ಲಿ? ವರದಿಯ ಪ್ರತಿಯ ಜೊತೆಗೆ ನೀವೇ ಒಂದು ಪುಟ ಬರೆದು ಕೊಡಿ. ಅದು ಹೀಗಿರಬಹುದು:

‘ಒಂದನೇ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗನಿಗೆ ಆಟಿಸಂ ಇದೆ ಎಂದು ವೈದ್ಯರು ತಿಳಿಸಿದ್ದಾರೆ. ಅವನಿಗೆ ಅಕ್ಷರ, ಅಂಕಿ ಚೆನ್ನಾಗಿ ಬರುತ್ತವೆ. ಚಿತ್ರ ತೋರಿಸಿ ಹೇಳಿದರೆ ಬೇಗ ಕಲಿಯುತ್ತಾನೆ. ಇಡೀ ತರಗತಿಗೆ ಹೇಳಿದ್ದು ತನಗೂ ಹೇಳಿದ್ದೆಂದು ಅವನಿಗೆ ತಿಳಿಯುವುದಿಲ್ಲ. ಹೆಸರು ಹಿಡಿದು ಹೇಳಿದರೆ ಮಾಡುತ್ತಾನೆ. ದೊಡ್ಡ ಸದ್ದಿಗೆ ಹೆದರಿ ಓಡುತ್ತಾನೆ. ಆಗ ಗದರಿಸದೆ ಐದು ನಿಮಿಷ ಶಾಂತವಾದ ಜಾಗದಲ್ಲಿ ಕೂರಿಸಿದರೆ ಸರಿಹೋಗುತ್ತಾನೆ.’

ಮಗುವಿಗೆ ಏನು ಬರುತ್ತದೆ ಎಂಬುದನ್ನು ಮೊದಲು ಬರೆಯಿರಿ. ಕಷ್ಟ ಯಾವುದು, ಮನೆಯಲ್ಲಿ ನೀವು ಅದನ್ನು ಹೇಗೆ ನಿಭಾಯಿಸುತ್ತೀರಿ ಎಂಬುದನ್ನು ಆಮೇಲೆ ತಿಳಿಸಿ. ನಂತರ ಮುಖ್ಯೋಪಾಧ್ಯಾಯರಲ್ಲಿ ಸಮಯ ಕೇಳಿ, ತರಗತಿ ಶಿಕ್ಷಕರೂ ಇರುವಂತೆ ನೋಡಿಕೊಂಡು ಅರ್ಧ ಗಂಟೆ ಮಾತನಾಡಿ. ಸಾಧ್ಯವಾದರೆ ತಂದೆತಾಯಿ ಇಬ್ಬರೂ ಹೋಗಿ.

ಏನು ಕೇಳಬೇಕು?

‘ನಮ್ಮ ಮಗುವನ್ನು ಸ್ವಲ್ಪ ನೋಡಿಕೊಳ್ಳಿ’ ಎಂದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಬೇಕಾದದ್ದನ್ನು ಬಿಡಿಸಿ ಕೇಳಿ.

1. ಮುಂದಿನ ಸಾಲಿನಲ್ಲಿ, ಬಾಗಿಲು ಮತ್ತು ಕಿಟಕಿಯ ಗದ್ದಲದಿಂದ ದೂರ ಒಂದು ಖಾಯಂ ಜಾಗ.

2. ಹೆಸರು ಕರೆದು, ಒಂದು ಸಲಕ್ಕೆ ಒಂದೇ ಸೂಚನೆ. ಹೇಳಿದ್ದನ್ನು ಹಲಗೆಯ ಮೇಲೂ ಬರೆದರೆ ಉತ್ತಮ.

3. ದಿನದ ಪಾಠಗಳ ಕ್ರಮವನ್ನು ತೋರಿಸುವ ಚಿತ್ರಪಟ್ಟಿ. ಇದನ್ನು ಮನೆಯಲ್ಲೇ ಮಾಡಿಕೊಡಬಹುದು. ವಾರ್ಷಿಕೋತ್ಸವ, ಪ್ರವಾಸ, ಶಿಕ್ಷಕರ ರಜೆ ಮುಂತಾದ ಬದಲಾವಣೆಗಳಿದ್ದರೆ ಹಿಂದಿನ ದಿನವೇ ನಿಮಗೆ ತಿಳಿಸಲಿ.

4. ತಡೆಯಲಾಗದಷ್ಟು ಗಾಬರಿಯಾದಾಗ ಹೋಗಿ ಕೂರಲು ಗ್ರಂಥಾಲಯದಂಥ ಶಾಂತ ಜಾಗ. ಅದು ಶಿಕ್ಷೆಯ ಜಾಗವಾಗಬಾರದು.

5. ಆಟದ ಹೊತ್ತಿನಲ್ಲಿ ಜೊತೆಗಿರಲು ಒಬ್ಬಿಬ್ಬರು ಒಳ್ಳೆಯ ಸಹಪಾಠಿಗಳು. ಮಕ್ಕಳು ಗೇಲಿ ಮಾಡುವುದು, ಕಾಡುವುದು ಬಿಡುವಿನ ವೇಳೆಯಲ್ಲೇ ಹೆಚ್ಚು. ಅಲ್ಲಿ ದೊಡ್ಡವರ ಕಣ್ಣಿರಲಿ.

6. ಬರೆಯಲು ಕಷ್ಟಪಡುವ ಮಗುವಿಗೆ ಕಡಿಮೆ ಹೋಂವರ್ಕ್, ಬಾಯಿಮಾತಿನ ಉತ್ತರಕ್ಕೆ ಅವಕಾಶ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ. ಎಸ್ಸೆಸ್ಸೆಲ್ಸಿಯಂಥ ಪಬ್ಲಿಕ್ ಪರೀಕ್ಷೆಯ ರಿಯಾಯಿತಿಗಳಿಗೆ ಮೊದಲೇ ಅನುಮತಿ ಪಡೆಯಬೇಕಾಗುತ್ತದೆ. ಕೊನೆಯ ವರ್ಷದವರೆಗೆ ಕಾಯದೆ ನಿಯಮ ವಿಚಾರಿಸಿ.

7. ಮನೆ ಮತ್ತು ಶಾಲೆಯ ನಡುವೆ ಒಂದು ಡೈರಿ. ದಿನಕ್ಕೆ ಎರಡು ಸಾಲು ಸಾಕು. ಬರೀ ದೂರುಗಳ ಪಟ್ಟಿಯಾಗದೆ, ಚೆನ್ನಾಗಿ ಮಾಡಿದ್ದೂ ಅದರಲ್ಲಿರಲಿ.

ಎಲ್ಲವನ್ನೂ ಒಂದೇ ದಿನ ಕೇಳಬೇಡಿ. ತೀರಾ ಅಗತ್ಯವಾದ ಮೂರರಿಂದ ಆರಂಭಿಸಿ. ಒಪ್ಪಿಕೊಂಡ ವಿಷಯಗಳನ್ನು ಬರೆದು ಒಂದು ಪ್ರತಿಯನ್ನು ಶಾಲೆಗೆ ಕೊಟ್ಟು, ಇನ್ನೊಂದಕ್ಕೆ ಸ್ವೀಕೃತಿ ಸಹಿ ಪಡೆಯಿರಿ. ಎರಡು ತಿಂಗಳ ನಂತರ ಮತ್ತೆ ಭೇಟಿಯಾಗಿ ಯಾವುದು ಫಲ ಕೊಟ್ಟಿದೆ ಎಂದು ನೋಡಿ. ಮುಂದಿನ ವರ್ಷ ಶಿಕ್ಷಕರು ಬದಲಾದಾಗ ಇದೇ ಕಾಗದ ಉಪಯೋಗಕ್ಕೆ ಬರುತ್ತದೆ.

‘ಮಗುವಿನ ಪಕ್ಕದಲ್ಲಿ ಕೂರಲು ಒಬ್ಬರನ್ನು ನೀವೇ ಕಳಿಸಿ’ ಎಂದು ಕೆಲವು ಶಾಲೆಗಳು ಹೇಳುವುದುಂಟು. ಎಲ್ಲ ಮಕ್ಕಳಿಗೂ ಇಂಥ ಸಹಾಯಕರು ಬೇಕಾಗುವುದಿಲ್ಲ. ಬೇಕೆ, ಎಷ್ಟು ಹೊತ್ತು, ಎಷ್ಟು ದಿನ ಎಂಬುದನ್ನು ಮಗುವನ್ನು ಪರೀಕ್ಷಿಸಿದ ತಜ್ಞರನ್ನು ಕೇಳಿ ತೀರ್ಮಾನಿಸಿ.

ಯಾರ ಸಹಾಯ ಪಡೆಯಬಹುದು?

ಕರ್ನಾಟಕದಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರನ್ನು ಬಿ.ಐ.ಇ.ಆರ್.ಟಿ. ಎಂದು ಕರೆಯುತ್ತಾರೆ. ಮೊದಲು ಅವರನ್ನು ಕಾಣಿ. ಮಗುವಿನ ತಪಾಸಣೆ ಮತ್ತು ಸಲಹೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗಳಿವೆ. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ.

ಶಾಲೆ ಪ್ರವೇಶ ನಿರಾಕರಿಸಿದರೆ ಅಥವಾ ಮಗುವನ್ನು ಬಿಡಿಸಲು ಒತ್ತಾಯಿಸಿದರೆ ಜಗಳಕ್ಕಿಳಿಯಬೇಡಿ. ಕಾರಣವನ್ನು ಬರವಣಿಗೆಯಲ್ಲಿ ಕೊಡುವಂತೆ ಕೇಳಿ. ಆ ಪತ್ರದೊಂದಿಗೆ, ಕೊಡದಿದ್ದರೆ ನಿಮ್ಮ ಅರ್ಜಿಯ ಪ್ರತಿಯೊಂದಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಬಹುದು.

ಕೆಲವು ಮಕ್ಕಳಿಗೆ ಎಲ್ಲ ಅನುಕೂಲ ಮಾಡಿದರೂ ದೊಡ್ಡ ತರಗತಿ ಸಹಿಸಲು ಆಗದಿರಬಹುದು. ಅಂಥವರಿಗೆ ವಿಶೇಷ ಶಾಲೆ, ಅಥವಾ ಕೆಲವು ವರ್ಷ ಅಲ್ಲಿ ಕಲಿತು ಸಾಮಾನ್ಯ ಶಾಲೆಗೆ ಬರುವುದು ಒಳ್ಳೆಯದು. ಅದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಆದರೆ ಆ ತೀರ್ಮಾನ ಮಗುವಿನ ಅಗತ್ಯ ನೋಡಿ ಆಗಬೇಕೇ ಹೊರತು ಶಾಲೆಯ ಬೇಸರದಿಂದ ಆಗಬಾರದು.

ನಿಮ್ಮ ಮಗುವಿಗೆ ಆಟಿಸಂ ಇದೆ ಎಂದು ಈಚೆಗೆ ತಿಳಿದಿದ್ದರೆ ಈ ವಾರವೇ ಆ ಒಂದು ಪುಟವನ್ನು ಬರೆಯಲು ಕುಳಿತುಕೊಳ್ಳಿ. ಮನೆಯಲ್ಲಿ ಅಜ್ಜಿ, ತಾತ ಇದ್ದರೆ ಅವರನ್ನೂ ಕೇಳಿ. ಮಗು ಯಾವುದಕ್ಕೆ ನಗುತ್ತದೆ, ಯಾವುದಕ್ಕೆ ಹೆದರುತ್ತದೆ, ಅತ್ತಾಗ ಹೇಗೆ ಸಮಾಧಾನವಾಗುತ್ತದೆ ಎಂಬುದು ಮನೆಯವರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರುವುದಿಲ್ಲ. ತರಗತಿಯ ಶಿಕ್ಷಕರಿಗೆ ಬೇಕಾಗಿರುವುದೂ ಅದೇ.